ಮೈಗೆ ಹಚ್ಚಿದ ಕೊಬ್ಬು: ಗಾಣ, ಸೋಪು, ಮುಲಾಮು

ದನದ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ, ಆರಿಸಿ ಗಟ್ಟಿ ಮಾಡಿದರೆ ಬರುವ ಬಿಳಿ ಜಿಡ್ಡಿಗೆ ಟ್ಯಾಲೋ ಎನ್ನುತ್ತಾರೆ. ಅಮೆರಿಕ, ಯುರೋಪುಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಅದು ಚರ್ಮದ ಮುಲಾಮಾಗಿ ಚಿಕ್ಕ ಡಬ್ಬಿಗಳಲ್ಲಿ ದೊಡ್ಡ ಬೆಲೆಗೆ ಮಾರಾಟವಾಗುತ್ತಿದೆ. ಅದು ಮನುಷ್ಯನ ಚರ್ಮದ ಜಿಡ್ಡನ್ನೇ ಹೋಲುತ್ತದೆ, ಅದರಲ್ಲಿ ಎ, ಡಿ, ಇ, ಕೆ ಜೀವಸತ್ವಗಳಿವೆ, ಇಸುಬಿನಿಂದ ಮೊಡವೆಯವರೆಗೆ ಎಲ್ಲಕ್ಕೂ ಮದ್ದು ಎಂಬ ಮಾತು ಮೊಬೈಲ್ ಮೂಲಕ ನಮ್ಮ ಹಳ್ಳಿಗಳಿಗೂ ಬಂದಿದೆ.

ದಾವಣಗೆರೆ ಜಿಲ್ಲೆಯಲ್ಲಿ ನಿಂತು ಈ ಮಾತನ್ನು ಪರೀಕ್ಷಿಸಲು ಕಾರಣವಿದೆ. ಇಲ್ಲಿ ಚರ್ಮದ ಕಷ್ಟ ಅಂದಚಂದದ ವಿಷಯವಲ್ಲ, ದುಡಿಮೆಯ ವಿಷಯ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಬೆರಳುಗಳು ಕರೆ ಹಿಡಿದು ಬಿರಿಯುತ್ತವೆ. ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಗಳಲ್ಲಿ ನಾಟಿ ಮಾಡುವವರ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಜಗಳೂರಿನ ಒಣಬೇಸಾಯದವರಿಗೆ ಚಳಿಗಾಲ ಬಂತೆಂದರೆ ಹಿಮ್ಮಡಿ ಒಡೆಯುತ್ತದೆ. ಇವರೆಲ್ಲ ತಲೆತಲಾಂತರದಿಂದ ಏನನ್ನೋ ಹಚ್ಚಿಕೊಂಡೇ ಬಂದಿದ್ದಾರೆ. ಅದೇನು, ಏಕೆ ಎಂದು ತಿಳಿದರೆ ಟ್ಯಾಲೋದ ಬೆಲೆಯೂ ತಿಳಿಯುತ್ತದೆ.

ಕೊಬ್ಬು ಮೈಗೆ ಹಚ್ಚುವುದು ಹೊಸದೇನಲ್ಲ. ಚರಕ ಸಂಹಿತೆಯ ಸೂತ್ರಸ್ಥಾನ ನಾಲ್ಕು ಬಗೆಯ ಸ್ನೇಹದ್ರವ್ಯಗಳನ್ನು ಹೇಳುತ್ತದೆ: ತುಪ್ಪ, ಎಣ್ಣೆ, ವಸಾ, ಮಜ್ಜಾ. ವಸಾ ಎಂದರೆ ಪ್ರಾಣಿಯ ಕೊಬ್ಬು, ಮಜ್ಜಾ ಎಂದರೆ ಮೂಳೆಯೊಳಗಿನ ನೆಣ. ಪೆಟ್ಟು ಬಿದ್ದಾಗ, ಮೂಳೆ ಮುರಿದಾಗ, ಕಿವಿನೋವು ತಲೆನೋವುಗಳಲ್ಲಿ ವಸಾ ಹಿತವೆಂದು ಚರಕನ ಅಭಿಪ್ರಾಯ. ಆದರೆ ನಾಲ್ಕರಲ್ಲಿ ಶ್ರೇಷ್ಠಸ್ಥಾನ ಕೊಟ್ಟಿದ್ದು ತುಪ್ಪಕ್ಕೆ. ಅತ್ತ ರೋಮಿನಲ್ಲಿ ಮೊದಲನೇ ಶತಮಾನದ ಪ್ಲಿನಿ, ಗಾಲ್ ಜನರು ಆಡಿನ ಕೊಬ್ಬನ್ನೂ ಬೂದಿಯನ್ನೂ ಸೇರಿಸಿ ಸಾಬೂನಿನಂಥ ವಸ್ತು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವರು ಅದನ್ನು ಬಳಸುತ್ತಿದ್ದುದು ಮೈ ತೊಳೆಯಲು ಎನ್ನುವುದಕ್ಕಿಂತ ಕೂದಲನ್ನು ಕೆಂಪಗೆ ಮಾಡಲು.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಅರಮನೆಯ ದಾಖಲೆಯೂ ಇದೆ. ಹನ್ನೊಂದನೇ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ತಯಾರಿಯ ವಿವರಗಳಿವೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಅಭ್ಯಂಗವೇ ಒಂದು ಭೋಗ. ಬಡವರ ಮನೆಯ ಎಣ್ಣೆನೀರಿನ ಬಗ್ಗೆ ಮಾತ್ರ ಯಾರೂ ಗ್ರಂಥ ಬರೆಯಲಿಲ್ಲ. ಅದು ಅಜ್ಜಿಯರ ಕೈಯಲ್ಲಿ ಉಳಿದು ಬಂತು.

ಆ ಕೈಗಳಿಗೆ ದಕ್ಕುತ್ತಿದ್ದುದು ಮೊದಲಿಗೆ ಹರಳೆಣ್ಣೆ. ಜಗಳೂರಿನ ಕಡೆಯ ಮಳೆಯಾಶ್ರಿತ ಹೊಲಗಳ ಬದುವಿನಲ್ಲಿ, ಅಕ್ಕಡಿ ಸಾಲಿನಲ್ಲಿ ಬೆಳೆದ ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಎತ್ತಿ ಇನ್ನೊಮ್ಮೆ ಕಾಯಿಸಿ ನೀರಿನ ಪಸೆ ಕಳೆದರೆ ವರ್ಷಕ್ಕಾಗುವ ಎಣ್ಣೆ. ಬಾಣಂತಿಗೆ, ಕೂಸಿಗೆ, ದೀಪಾವಳಿಯ ಅಭ್ಯಂಜನಕ್ಕೆ, ಗಾಡಿಯ ಕೀಲಿಗೆ ಎಲ್ಲಕ್ಕೂ ಅದೇ. ಇದರ ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಕ್ ಆಮ್ಲ. ಅಡುಗೆ ಎಣ್ಣೆಗಳಲ್ಲಿ ಇಲ್ಲದ ಈ ಆಮ್ಲದಿಂದಲೇ ಹರಳೆಣ್ಣೆಗೆ ಆ ಅಂಟು, ಆ ದಪ್ಪ.

ಎರಡನೆಯದು ಬೆಣ್ಣೆ. ಬೆಣ್ಣೆದೋಸೆಯ ಜಿಲ್ಲೆಯಲ್ಲಿ ಬೆಣ್ಣೆಯನ್ನು ತುಟಿಗೂ ಕೂಸಿನ ಕೆನ್ನೆಗೂ ಸವರುವುದು ತೀರಾ ಸಹಜ. ಆಯುರ್ವೇದದಲ್ಲಿ ಇದರ ಪರಿಷ್ಕೃತ ರೂಪ ಶತಧೌತ ಘೃತ. ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೀರು ಹಾಕಿ ಉಜ್ಜುತ್ತಾ, ನೀರು ಚೆಲ್ಲುತ್ತಾ ನೂರು ಸಲ ತೊಳೆಯುತ್ತಾರೆ. ಹಳದಿ ತುಪ್ಪ ಬೆಳ್ಳಗೆ ನುಣುಪಾಗಿ, ವಾಸನೆ ಕಳೆದುಕೊಂಡು ಮುಲಾಮಾಗುತ್ತದೆ. ಸುಟ್ಟಗಾಯ, ಉರಿ, ಒಡಕುಗಳಿಗೆ ಹಚ್ಚುವ ಈ ತಯಾರಿ ಹಾಲುಣಿಸುವ ಪ್ರಾಣಿಯ ಕೊಬ್ಬೇ. ಟ್ಯಾಲೋವನ್ನು ಹೊಗಳುವವರು ಹೇಳುವ ‘ಪ್ರಾಣಿಜನ್ಯ ಕೊಬ್ಬಿನ ಗುಣ’ ಯಾರನ್ನೂ ಕೊಲ್ಲದೆ ನಮ್ಮಲ್ಲಿ ಬಳಕೆಗೆ ಬಂದ ಬಗೆ ಇದು.

ಮೂರನೆಯದು ಹಿಪ್ಪೆ ಎಣ್ಣೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನಡುಗಂಬ ಅದೇ. ಕೊಬ್ಬು ಯಾವುದೇ ಇರಲಿ, ಅದರ ಸ್ವಭಾವ ನಿರ್ಧಾರವಾಗುವುದು ಅದರೊಳಗಿನ ಆಮ್ಲಗಳ ಪ್ರಮಾಣದಿಂದ. ದನದ ಕೊಬ್ಬಿನಲ್ಲಿ ಓಲಿಕ್ ಆಮ್ಲ ನೂರಕ್ಕೆ ಸುಮಾರು 40, ಪಾಮಿಟಿಕ್ 25ರ ಆಸುಪಾಸು, ಸ್ಟಿಯರಿಕ್ 20ರ ಹತ್ತಿರ. ಹಿಪ್ಪೆ ಬೀಜದ ಎಣ್ಣೆಯಲ್ಲಿ ಓಲಿಕ್ 40ರಿಂದ 50, ಸ್ಟಿಯರಿಕ್ 20ರಿಂದ 25, ಪಾಮಿಟಿಕ್ 16ರಿಂದ 28. ಎರಡೂ ಪಟ್ಟಿ ಹೆಚ್ಚುಕಡಿಮೆ ಒಂದೇ. ಚಳಿಗೆ ಹಿಪ್ಪೆ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟುವುದೂ ಇದೇ ಕಾರಣಕ್ಕೆ. ಪಕ್ಕದ ಮಲೆನಾಡಿಗೆ ಹೋದರೆ ಮುರುಗಲ ಬೀಜದ ತುಪ್ಪ ಸಿಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ. 38ರಿಂದ 40 ಡಿಗ್ರಿಯವರೆಗೂ ಕರಗದ ಆ ತುಪ್ಪವನ್ನು ಒಡೆದ ಹಿಮ್ಮಡಿಗೆ ತುಂಬುವುದು ಘಟ್ಟದ ಮನೆಗಳ ಹಳೇ ರೂಢಿ. ಘಟ್ಟದ ಇನ್ನೊಂದು ಮರ ಸಾಲಧೂಪ. ಅದರ ಬೀಜದ ಗಟ್ಟಿ ಕೊಬ್ಬು ಮೇಣದಬತ್ತಿಗೂ ಸೋಪಿಗೂ ಹೋಗುತ್ತಿತ್ತು. ಬ್ರಿಟಿಷರು ಅದನ್ನು ಮಲಬಾರ್ ಟ್ಯಾಲೋ ಎಂದೇ ಕರೆದರು.

ದನದ ಕೊಬ್ಬು ನಮ್ಮ ಕಡೆ ಇರಲೇ ಇಲ್ಲ ಎನ್ನುವುದೂ ಸರಿಯಲ್ಲ. ತೊಗಲು ಹದ ಮಾಡುವವರಿಗೆ ಕೊಬ್ಬು, ಎಣ್ಣೆಗಳಿಲ್ಲದೆ ಕೆಲಸ ಸಾಗುವುದಿಲ್ಲ. ಹದಗೊಂಡ ತೊಗಲು ಬಿರಿಯದಂತೆ ಕಾಯುವುದು ಜಿಡ್ಡೇ. ಸತ್ತ ಚರ್ಮಕ್ಕೆ ಯಾವ ಜಿಡ್ಡು ಹಿಡಿಯುತ್ತದೆ, ಯಾವುದು ಕಮಟುತ್ತದೆ ಎಂಬ ಆ ಕುಲಕಸುಬಿನವರ ತಿಳಿವಳಿಕೆಯನ್ನು ಯಾವ ವಿದ್ವಾಂಸನೂ ಕೂತು ಕೇಳಿ ಬರೆದುಕೊಳ್ಳಲಿಲ್ಲ. ಅಸ್ಪೃಶ್ಯತೆ ಮನುಷ್ಯರನ್ನು ಮಾತ್ರವಲ್ಲ, ಅವರ ವಿದ್ಯೆಯನ್ನೂ ಹೊರಗಿಟ್ಟಿತು. ಈ ನಷ್ಟ ದೊಡ್ಡದು.

ಕಾರ್ಖಾನೆಯ ಯುಗ ಬಂದಮೇಲೆ ಕೊಬ್ಬು ಹೆಸರಿಲ್ಲದೆ ಎಲ್ಲರ ಮೈಮೇಲೂ ಬಂತು. ಫ್ರಾನ್ಸಿನ ಶೆವ್ರಲ್ 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೊಬ್ಬೆಂದರೆ ಗ್ಲಿಸರಿನ್ ಮತ್ತು ಆಮ್ಲಗಳ ಕೂಟ ಎಂದು ತೋರಿಸಿದ ಮೇಲೆ ಸೋಪು ಲೆಕ್ಕಾಚಾರದ ಉದ್ಯಮವಾಯಿತು. ಕೊಬ್ಬು ಸೋಪಿಗೆ ಗಟ್ಟಿತನ, ಬಾಳಿಕೆ ಕೊಡುತ್ತದೆ. ಕೊಬ್ಬರಿ ಎಣ್ಣೆ ನೊರೆ ಕೊಡುತ್ತದೆ. ನಾಲ್ಕು ಪಾಲು ಕೊಬ್ಬು, ಒಂದು ಪಾಲು ಕೊಬ್ಬರಿ ಎಣ್ಣೆ ಎಂಬುದು ಜಗತ್ತಿನ ಸ್ನಾನದ ಸೋಪಿನ ಪ್ರಸಿದ್ಧ ಹದ. ಅದೇ ಶತಮಾನದಲ್ಲಿ ಮುಲಾಮಿನ ಲೋಕಕ್ಕೆ ಎರಡು ಹೊಸ ಜಿಡ್ಡುಗಳು ಬಂದವು: 1872ರಲ್ಲಿ ಅಮೆರಿಕದ ಚೀಸ್‌ಬರೋ ಪೇಟೆಂಟ್ ಪಡೆದ ವ್ಯಾಸಲೀನ್, 1882ರಲ್ಲಿ ಜರ್ಮನಿಯಲ್ಲಿ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೋಲಿನ್. ಕೊಬ್ಬಿನ ಮುಲಾಮು ಹಿಂದೆ ಸರಿದಿದ್ದು ಇವುಗಳಿಂದ. ವ್ಯಾಸಲೀನ್ ಕಮಟುವುದಿಲ್ಲ, ವಾಸನೆಯಿಲ್ಲ, ಅಗ್ಗ.

ಮೈಸೂರು ಸಂಸ್ಥಾನ ಹಿಡಿದ ದಾರಿ ಬೇರೆ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತಾಗ 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ಇಳಿಸುವ ಕೆಲಸ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ, ಸೋಸಲೆ ಗರಳಪುರಿ ಶಾಸ್ತ್ರಿಗಳ ವಿದ್ಯೆಯಿಂದ ಬೆಂಗಳೂರಿನಲ್ಲಿ ಸೋಪು ಕಾರ್ಖಾನೆ ಎದ್ದಿತು. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಬಂತು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು. 1997ರಲ್ಲಷ್ಟೇ ಅವು ದಾವಣಗೆರೆಗೆ ಬಂದಿದ್ದು.

ಭಾರತದಲ್ಲಿ ಟ್ಯಾಲೋದ ಕಥೆಗೆ ದೊಡ್ಡ ತಿರುವು ಸಿಕ್ಕಿದ್ದು 1983ರಲ್ಲಿ. ಸೋಪಿಗೆಂದು ಆಮದಾದ ದನದ ಕೊಬ್ಬು ವನಸ್ಪತಿಗೆ ಕಲಬೆರಕೆಯಾಗುತ್ತಿದೆ ಎಂಬ ಸುದ್ದಿ ದೇಶವನ್ನೇ ಅಲ್ಲಾಡಿಸಿತು, ಸಂಸತ್ತಿನಲ್ಲಿ ಗದ್ದಲವಾಯಿತು, ಸರ್ಕಾರ ಅದರ ಆಮದನ್ನು ನಿಷೇಧಿಸಿತು. ಸೋಪಿನ ಕಂಪನಿಗಳು ತಾಳೆ ಎಣ್ಣೆ, ಅಕ್ಕಿತೌಡಿನ ಎಣ್ಣೆಗಳತ್ತ ತಿರುಗಿದವು. ಇಂದು ಪೊಟ್ಟಣದ ಮೇಲೆ ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಪ್ರಾಣಿಯ ಕೊಬ್ಬು, ಸೋಡಿಯಂ ಪಾಮೇಟ್ ಎಂದಿದ್ದರೆ ತಾಳೆ ಎಣ್ಣೆ ಎಂದು ಓದಿಕೊಳ್ಳಬೇಕು. ಜೊತೆಗೆ ಟಿಎಫ್‌ಎಂ ಅಂಕಿಯನ್ನು, ಅಂದರೆ ಸೋಪಿನಲ್ಲಿ ನೂರಕ್ಕೆ ಎಷ್ಟು ಪಾಲು ಕೊಬ್ಬಿನ ಪದಾರ್ಥ ಇದೆ ಎಂಬುದನ್ನು, ನೋಡಬೇಕು. ಅದು 76 ಅಥವಾ ಮೇಲಿದ್ದರೆ ಒಂದನೇ ದರ್ಜೆಯ ಸೋಪು.

ಇನ್ನು ಇಂದಿನ ‘ನೈಸರ್ಗಿಕ’ ಮಾರುಕಟ್ಟೆ. ಅದರ ದೊಡ್ಡ ಸಾಹಸಿಗರು ಚನ್ನಗಿರಿ ತಾಲ್ಲೂಕಿನಲ್ಲೇ ಇದ್ದಾರೆ ಎಂಬುದನ್ನು ನಾಡು ತಿಳಿದದ್ದು ಒಂದು ಸಂಕಟದ ಮೂಲಕ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಕರ್ನಾಟಕದ ಹಕ್ಕಿಪಿಕ್ಕಿಗಳಲ್ಲಿ ಅಸ್ತಾಪನಹಳ್ಳಿ, ಗೋಪನಾಳಿನವರೂ ಇದ್ದರು. ಹೋಗಿದ್ದು ಗಿಡಮೂಲಿಕೆಯ ಎಣ್ಣೆ, ಮದ್ದು ಮಾರಲು. ‘ಆಪರೇಷನ್ ಕಾವೇರಿ’ಯಲ್ಲಿ ಅವರನ್ನು ಕರೆತರಲಾಯಿತು. ಹಿಂದೆ ಬೇಟೆಯಿಂದ ಬದುಕಿದ ಸಮುದಾಯ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇರೆ ದಾರಿ ಹುಡುಕಬೇಕಾಯಿತು. ಉಡದ ಎಣ್ಣೆ, ನವಿಲೆಣ್ಣೆ ಎಂದು ಸಂತೆಗಳಲ್ಲಿ ಕೀಲುನೋವಿಗೆ ಮಾರಾಟವಾಗುತ್ತಿದ್ದ ಕಾಲ ಮುಗಿದು, ಬೇರು ಸೊಪ್ಪಿನ ಎಣ್ಣೆಗಳ ಕಾಲ ಬಂತು. ಓದು ಕಡಿಮೆಯಿದ್ದರೂ ಆಫ್ರಿಕಾದ ಬೀದಿಗಳಲ್ಲಿ ಗಿರಾಕಿ ಹುಡುಕಿದ ಅವರ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ. ಅವರ ಎಣ್ಣೆಗಳಿಗೆ ಪರೀಕ್ಷೆ, ಪರವಾನಗಿ, ಲೇಬಲ್ಲುಗಳ ನೆರವು ಸಿಗಬೇಕಿತ್ತು. ಕೊಳ್ಳುವವರ ಹಿತಕ್ಕೂ ಅದು ಬೇಕು.

ಹಾಗಾದರೆ ಟ್ಯಾಲೋ ನಿಜವಾಗಿ ಏನು ಮಾಡುತ್ತದೆ? ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಗಾರೆಯಂತೆ ಕೂತು ಮೈಯ ನೀರು ಆರಿಹೋಗದಂತೆ ತಡೆಯುತ್ತವೆ. ಸೋಪು, ಕೆಸರು, ಅಡಿಕೆಯ ಒಗರು, ಒಣಗಾಳಿ ಈ ಗಾರೆಯನ್ನು ಕೀಳುತ್ತವೆ. ಟ್ಯಾಲೋ ಹಚ್ಚಿದರೆ ಮೇಲೆ ಒಂದು ಪೊರೆ ನಿಲ್ಲುತ್ತದೆ. ಚರ್ಮದ ಬಿಸಿಗೆ ಪೂರಾ ಕರಗದ ಕೊಬ್ಬಾದ್ದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ, ಒಡಕು ಮೆತ್ತಗಾಗುತ್ತದೆ. ಈ ಲಾಭ ನಿಜ. ಅದು ಮನುಷ್ಯನ ಜಿಡ್ಡನ್ನೇ ಹೋಲುತ್ತದೆ ಎನ್ನುವುದು ಅರ್ಧ ಮಾತ್ರ ಸರಿ: ನಮ್ಮ ಮೈಜಿಡ್ಡಿನಲ್ಲಿ ಹೇರಳವಾಗಿರುವ ಸ್ಕ್ವಾಲೀನ್, ಮೇಣದಂಥ ಎಸ್ಟರುಗಳು ದನದ ಕೊಬ್ಬಿನ ಸ್ವಭಾವವಲ್ಲ. ಜೀವಸತ್ವಗಳಿರುವುದು ಅತಿ ಸ್ವಲ್ಪ. ಇಸುಬು, ಮೊಡವೆ ವಾಸಿಮಾಡುತ್ತದೆ ಎನ್ನಲು ಮನುಷ್ಯರ ಮೇಲೆ ನಡೆದ ದೊಡ್ಡ ಪ್ರಯೋಗಗಳ ಆಧಾರವಿಲ್ಲ. ಮೊಡವೆಯ ಮುಖಕ್ಕೆ ದಪ್ಪ ಕೊಬ್ಬು ಹಚ್ಚಿದರೆ ರಂಧ್ರ ಕಟ್ಟಿ ಹೆಚ್ಚಾಗುವ ಸಂಭವವೇ ಜಾಸ್ತಿ.

ಓಲಿಕ್ ಆಮ್ಲದ ಬಗ್ಗೆ ಇನ್ನೊಂದು ಎಚ್ಚರಿಕೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಗ್ಲೆಂಡಿನ ಸಂಶೋಧಕರು ವಯಸ್ಕರ ಚರ್ಮದ ಮೇಲೆ ಆಲಿವ್ ಎಣ್ಣೆಯನ್ನೂ ಸೂರ್ಯಕಾಂತಿ ಎಣ್ಣೆಯನ್ನೂ ಹಚ್ಚಿ ನೋಡಿದಾಗ, ಓಲಿಕ್ ಹೆಚ್ಚಿರುವ ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಅದಕ್ಕೂ ಮೊದಲು, 2005ರಲ್ಲಿ ಪ್ರಕಟವಾದ ಢಾಕಾ ಶಿಶು ಆಸ್ಪತ್ರೆಯ ಅಧ್ಯಯನದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯ ಸೋಂಕು ತಗಲುವ ಸಂಭವ ಶೇ. 41ರಷ್ಟು ಕಡಿಮೆಯಾಗಿತ್ತು. ಹಳ್ಳಿಯಂಗಡಿಯಲ್ಲೂ ಸಿಗುವ ಈ ಎಣ್ಣೆಗೆ ಇರುವಷ್ಟು ಆಧಾರ ದುಬಾರಿ ಟ್ಯಾಲೋ ಡಬ್ಬಿಗೆ ಇನ್ನೂ ಇಲ್ಲ.

ಕಾನೂನಿನ ಮಾತೂ ಇದೆ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರ ಜನವರಿಯಿಂದ ಜಾರಿಗೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟರೆ ಜಾನುವಾರು ವಧೆಗೆ ಅವಕಾಶವಿಲ್ಲ. ದನದ ಕೊಬ್ಬಿನ ಮುಲಾಮು ಇಲ್ಲಿನ ಕುಟೀರ ಉದ್ಯಮವಾಗುವ ದಾರಿ ಮುಚ್ಚಿದೆ. ಕೊಬ್ಬನ್ನು ಉಣ್ಣುವವರ, ಮುಟ್ಟುವವರ ಬಗ್ಗೆ ಹೀನಾಯದ ಮಾತಾಡುವವರ ಜೊತೆ ನಾನಿಲ್ಲ. ವಸ್ತುವನ್ನು ವಸ್ತುವಾಗಿಯೇ ತೂಗಬೇಕು. ಹಾಗೆ ತೂಗಿದರೂ ಹಿಪ್ಪೆ, ಮುರುಗಲು, ಶತಧೌತ ಘೃತ ಇರುವ ನಾಡಿಗೆ ಟ್ಯಾಲೋ ಹೊಸದಾಗಿ ಕೊಡುವುದು ಏನೂ ಇಲ್ಲ ಎಂಬುದೇ ನನ್ನ ತೀರ್ಮಾನ.

ಓದುಗರಿಗೆ ಹೇಳಬೇಕಾದ್ದು ಇಷ್ಟು. ಹಿಮ್ಮಡಿ, ಬೆರಳುಗಳ ಒಣ ಒಡಕಿಗೆ ರಾತ್ರಿ ಕಾಲು ತೊಳೆದು, ಪಸೆ ಪೂರ್ತಿ ಆರುವ ಮೊದಲೇ ಗಟ್ಟಿ ಜಿಡ್ಡು ಯಾವುದನ್ನಾದರೂ ಹಚ್ಚಿ ಬಟ್ಟೆ ಸುತ್ತಿ ಮಲಗಿ. ಕೆಸರುಹುಣ್ಣಿಗೆ ಮಾತ್ರ ಯಾವ ಕೊಬ್ಬನ್ನೂ ಹಚ್ಚಬೇಡಿ. ಅಲ್ಲಿ ತೇವವೇ ರೋಗ, ಜಿಡ್ಡು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಸಂದಿ ಒಣಗಿಸಿ, ವೈದ್ಯರಿಗೆ ತೋರಿಸಿ. ಹೊಸ ಮುಲಾಮು ಯಾವುದೇ ಆದರೂ ಮೊದಲು ಮೊಣಕೈ ಒಳಗಡೆ ಹಚ್ಚಿ ಒಂದು ದಿನ ಕಾಯಿರಿ. ಇನ್ನು ದಾವಣಗೆರೆಯ ವೈದ್ಯಕೀಯ ಕಾಲೇಜುಗಳಿಗೆ ಒಂದು ಬೇಡಿಕೆ: ಚನ್ನಗಿರಿಯ ಅಡಿಕೆ ಸುಲಿಯುವ ಕೈಗಳ ಮೇಲೆ, ಜಗಳೂರಿನ ಒಡೆದ ಹಿಮ್ಮಡಿಗಳ ಮೇಲೆ ಹಿಪ್ಪೆ ಎಣ್ಣೆ, ಹರಳೆಣ್ಣೆ, ವ್ಯಾಸಲೀನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಸುಗ್ಗಿ ಪೂರ್ತಿ ಅಧ್ಯಯನ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ.