ನಿರ್ವಾತದ ಬಲ ಮತ್ತು ಅದರ ಎಲ್ಲೆ

ಆದವಾನಿಯ ಸುತ್ತಲಿನ ಸೀಮೆಯಲ್ಲಿ ಬೇಸಗೆ ಬಂದಿತೆಂದರೆ ಬಾವಿಯ ನೀರು ಕೆಳಗಿಳಿಯುತ್ತದೆ. ದಡದ ಮೇಲೆ ಕೂರಿಸಿದ ಪಂಪು, ನೀರು ಏಳೆಂಟು ಮೀಟರು ಕೆಳಗೆ ಹೋದೊಡನೆ, ಬರಿದೆ ಸದ್ದುಮಾಡತೊಡಗುತ್ತದೆ. ಆಗ ರೈತನು ಅದನ್ನು ಬಿಚ್ಚಿ, ಬಾವಿಯ ಒಳಗೆ ಕಟ್ಟೆ ಮಾಡಿ, ನೀರಿನ ಸಮೀಪಕ್ಕೆ ಇಳಿಸುತ್ತಾನೆ. ಇನ್ನೂ ಬಲವಾದ ಮೋಟಾರನ್ನು ತಂದು ದಡದ ಮೇಲೆಯೇ ಇಟ್ಟರೆ ಆಗದೆ ಎಂದು ಕೇಳಿದರೆ, ಆಗದು ಎಂದು ಅನುಭವದಿಂದ ಹೇಳುತ್ತಾನೆ. ಏಕೆ ಆಗದೆಂಬುದನ್ನು ಯುರೋಪಿನ ವಿದ್ವಾಂಸರು ಕಂಡುಕೊಂಡದ್ದು ಹದಿನೇಳನೆಯ ಶತಮಾನದಲ್ಲಿ. ಆ ಉತ್ತರದಿಂದ ಹುಟ್ಟಿದ ಯಂತ್ರಗಳಲ್ಲಿ ಒಂದು ಬಹುಕಾಲ ನಮ್ಮೂರಿನ ರೈಲು ಹಳಿಯ ಮೇಲೆ ದುಡಿಯಿತು. ಆ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ.

‘ಪಂಪು ನೀರನ್ನು ಎಳೆಯುತ್ತದೆ’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಪಾಠ ಹೇಳುವಾಗಲೂ ಅದೇ ಮಾತು ಬಾಯಿಗೆ ಬರುತ್ತದೆ. ವಸ್ತುತಃ ಪಂಪು ಮಾಡುವುದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುವ ಕೆಲಸವನ್ನು ಮಾತ್ರ. ಗಾಳಿ ತೆಗೆದ ಎಡೆಯನ್ನು ನಿರ್ವಾತವೆಂದು ಕರೆಯುತ್ತೇವೆ. ನಿರ್ವಾತಕ್ಕೆ ಎಳೆಯುವ ಕೈಗಳಿಲ್ಲ. ಬಾವಿಯ ನೀರಿನ ಮೇಲೆ ಕುಳಿತಿರುವ ಹೊರಗಿನ ವಾಯುಮಂಡಲವು ತನ್ನ ಭಾರದಿಂದ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಆ ಭಾರವೆಷ್ಟೋ ನೀರಿನ ಏರಿಕೆಯೂ ಅಷ್ಟೆ.

ಹೀರುವ ಪಂಪುಗಳು ಒಂದು ಮಿತಿಯನ್ನು ಮೀರಿ ನೀರನ್ನು ಎತ್ತಲಾರವೆಂಬುದನ್ನು ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗುರುತಿಸಿದನು. ಆದರೆ ನೀರಿನ ಕಂಬವು ಹಗ್ಗದಂತೆ ತನ್ನ ಭಾರಕ್ಕೆ ತಾನೇ ಹರಿಯುವುದೆಂದು ಆತನು ಭಾವಿಸಿದನು. ಅಂತಹ ಮಹಾಪುರುಷನೂ ಇಲ್ಲಿ ತಪ್ಪಿದನೆಂಬುದು ವಿದ್ಯಾರ್ಥಿಗಳಿಗೆ ಧೈರ್ಯ ತರುವ ಸಂಗತಿ. ೧೬೪೩ರ ಸುಮಾರಿಗೆ ಟಾರಿಚೆಲ್ಲಿಯು ನೀರಿಗೆ ಬದಲಾಗಿ ಪಾದರಸವನ್ನು ತೆಗೆದುಕೊಂಡನು. ಪಾದರಸವು ೭೬ ಸೆಂಟಿಮೀಟರಿನಷ್ಟು ಎತ್ತರದಲ್ಲಿ ನಿಂತಿತು. ನೀರಿಗಿಂತ ಅದು ೧೩.೬ ಪಟ್ಟು ಭಾರ, ೭೬ನ್ನು ೧೩.೬ರಿಂದ ಗುಣಿಸಿದರೆ ಸುಮಾರು ೧೦೩೩ ಸೆಂಟಿಮೀಟರು. ನೀರಿನ ಎಲ್ಲೆ ಹತ್ತು ಮೀಟರಿಗೆ ತುಸು ಹೆಚ್ಚೆಂದು ಇದರಿಂದ ಸಿದ್ಧವಾಗುತ್ತದೆ. ೧೬೪೮ರಲ್ಲಿ ಪಾಸ್ಕಲನ ಕೋರಿಕೆಯಂತೆ ಆತನ ಭಾವನು ಪಾದರಸದ ಕೊಳವೆಯನ್ನು ಬೆಟ್ಟದ ಮೇಲಕ್ಕೆ ಒಯ್ದಾಗ ಪಾದರಸ ಕೆಳಗಿಳಿಯಿತು. ಎತ್ತರ ಹೆಚ್ಚಿದಂತೆ ವಾಯುಭಾರ ಕಡಮೆ. ಸಮುದ್ರ ಮಟ್ಟಕ್ಕಿಂತ ನಾನೂರು ಮೀಟರಿಗೂ ಮೇಲಿರುವ ಆದವಾನಿಯಲ್ಲಿ ನೀರಿನ ಎಲ್ಲೆ ಹತ್ತು ಮೀಟರಿಗಿಂತ ಸ್ವಲ್ಪ ಕೆಳಗೇ ಬೀಳುತ್ತದೆ. ಕೊಳವೆಯ ಸಂದುಗಳಲ್ಲಿ ನುಸುಳುವ ಗಾಳಿ, ನೀರಿನ ತಿಕ್ಕಾಟ ಇವುಗಳನ್ನು ಕಳೆದರೆ ರೈತನ ಪಾಲಿಗೆ ಉಳಿಯುವುದು ಏಳೆಂಟು ಮೀಟರೇ. ಮೋಟಾರಿನ ಬಲ ಹೆಚ್ಚಿದರೂ ವಾಯುಮಂಡಲದ ಭಾರ ಹೆಚ್ಚುವುದಿಲ್ಲ. ಆಳವಾದ ಕೊಳವೆಬಾವಿಯಲ್ಲಿ ಪಂಪನ್ನೇ ನೀರಿನೊಳಗೆ ಮುಳುಗಿಸಿ, ಕೆಳಗಿನಿಂದ ಮೇಲಕ್ಕೆ ನೂಕಿಸುವುದು ಈ ಕಾರಣದಿಂದಲೇ.

ಈ ಭಾರವನ್ನು ಕೆಲಸಕ್ಕೆ ಹೂಡುವ ಪ್ರಯತ್ನ ಬೇಗನೆ ಆರಂಭವಾಯಿತು. ಜರ್ಮನಿಯ ಮಾಗ್ಡೆಬರ್ಗಿನ ಗೆರಿಕೆಯು ಎರಡು ಲೋಹದ ಅರೆಗೋಳಗಳನ್ನು ಸೇರಿಸಿ, ಒಳಗಿನ ಗಾಳಿಯನ್ನು ತೆಗೆದು, ಕುದುರೆಗಳ ಸಾಲುಗಳೂ ಅವನ್ನು ಬೇರ್ಪಡಿಸಲು ಹೆಣಗುವಂತೆ ಮಾಡಿ ತೋರಿಸಿದನು. ೧೭೧೨ರಲ್ಲಿ ಇಂಗ್ಲೆಂಡಿನ ನ್ಯೂಕಾಮೆನ್ ಸಿಲಿಂಡರಿನಲ್ಲಿ ಉಗಿಯನ್ನು ತುಂಬಿ, ತಣ್ಣೀರಿನಿಂದ ಅದನ್ನು ನೀರಾಗಿಸಿ, ಉಂಟಾದ ನಿರ್ವಾತದತ್ತ ವಾಯುಮಂಡಲವು ಪಿಸ್ಟನ್ನನ್ನು ನೂಕುವಂತೆ ಮಾಡಿದನು. ಗಣಿಗಳ ನೀರನ್ನು ಎತ್ತಿದ ಆ ಯಂತ್ರದ ಬಲವೂ ಒಂದು ವಾಯುಭಾರವನ್ನು ಮೀರುವಂತಿರಲಿಲ್ಲ. ಹಳಿಯ ಮೇಲೆ ಓಡಬಲ್ಲ ಉಗಿಬಂಡಿ ಹುಟ್ಟಲು ಹೆಚ್ಚಿನ ಒತ್ತಡದ ಉಗಿಯೇ ಬೇಕಾಯಿತು.

ಉಗಿಬಂಡಿಯು ನಮ್ಮ ಸೀಮೆಗೆ ಬಂದ ಬಗೆಯನ್ನು ಇನ್ನು ನೋಡೋಣ. ಮದರಾಸಿನಿಂದ ವಾಯವ್ಯಕ್ಕೆ ಹೊರಟ ಮದರಾಸು ರೈಲ್ವೆಯ ಹಳಿಯು ಗುಂತಕಲ್ಲು, ಆದವಾನಿ, ಕೋಸಿಗಿಗಳನ್ನು ಹಾದು, ತುಂಗಭದ್ರೆಯನ್ನು ದಾಟಿ, ೧೮೭೧ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಕಡೆಯ ಹಳಿಯನ್ನು ಕೂಡಿಕೊಂಡಿತು. ಆಗ ಆದವಾನಿಯು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ೧೯೫೩ರಲ್ಲಿ ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾದರೂ ಹಳಿ ಬದಲಾಗಲಿಲ್ಲ. ಈ ಹಳಿಯ ಮೇಲೆ ಹತ್ತಿ, ಶೇಂಗಾಗಳ ಮೂಟೆಗಳೂ ಜನರೂ ಸಾಗಿದರು.

ಓಡುವ ಬಂಡಿಗಿಂತ ನಿಲ್ಲುವ ಬಂಡಿಯ ಸಮಸ್ಯೆ ಕಠಿಣವಾದುದು. ಮೊದಮೊದಲು ಎಂಜಿನ್ನಿನಲ್ಲಿಯೂ ಗಾರ್ಡಿನ ಡಬ್ಬಿಯಲ್ಲಿಯೂ ಕೈಯಿಂದ ತಿರುಗಿಸುವ ಬ್ರೇಕುಗಳು ಮಾತ್ರ ಇದ್ದವು. ತರುವಾಯ ಡಬ್ಬಿಗಳ ಉದ್ದಕ್ಕೂ ಒಂದು ಕೊಳವೆಯನ್ನು ಹಾಯಿಸಿ, ಅದರ ಗಾಳಿಯನ್ನು ಎಂಜಿನ್ನು ಹೊರದೂಡಿದಾಗ ಬ್ರೇಕು ಬೀಳುವ ಏರ್ಪಾಡು ಬಂದಿತು. ಇದರಲ್ಲಿ ಒಂದು ಘೋರವಾದ ದೋಷವಿತ್ತು: ಕೊಳವೆ ಕಡಿದರೆ ನಿರ್ವಾತ ಅಳಿಯುತ್ತಿತ್ತು, ನಿರ್ವಾತ ಅಳಿದರೆ ಬ್ರೇಕೂ ಇಲ್ಲವಾಗುತ್ತಿತ್ತು.

ಆ ದೋಷದ ಬೆಲೆಯನ್ನು ತೆತ್ತವರು ಮಕ್ಕಳು. ೧೮೮೯ರ ಜೂನ್ ೧೨ರಂದು ಐರ್ಲೆಂಡಿನ ಆರ್ಮಾ ಎಂಬ ಊರಿನಿಂದ ಭಾನುವಾರದ ಶಾಲೆಯ ಮಕ್ಕಳನ್ನೂ ಹಿರಿಯರನ್ನೂ ಹೊತ್ತು ವಿಹಾರಕ್ಕೆ ಹೊರಟ ರೈಲು ಏರಿನಲ್ಲಿ ನಿಂತುಹೋಯಿತು. ಬಂಡಿಯನ್ನು ಎರಡು ಭಾಗ ಮಾಡಿ ಮುಂದಿನ ಭಾಗವನ್ನು ಮೊದಲು ಒಯ್ಯಬೇಕೆಂದು ನಿಶ್ಚಯಿಸಿ ಕೊಂಡಿ ಕಳಚಿದರು. ಕಳಚಿದೊಡನೆ ಹಿಂದಿನ ಡಬ್ಬಿಗಳ ನಿರ್ವಾತದ ಬ್ರೇಕು ಇಲ್ಲವಾಯಿತು. ಉಳಿದವು ಗಾರ್ಡಿನ ಕೈಬ್ರೇಕು ಮತ್ತು ಗಾಲಿಗಳಿಗೆ ಒತ್ತುಕೊಟ್ಟ ಕಲ್ಲುಗಳು. ಹೊರಡುವಾಗ ಮುಂದಿನ ಭಾಗವು ತುಸು ಹಿಂದೆ ಸರಿದು ತಾಗಿತು; ಹಿಂದಿನ ಡಬ್ಬಿಗಳು ಇಳಿಜಾರಿನಲ್ಲಿ ಓಡಿ, ಹಿಂದೆ ಬರುತ್ತಿದ್ದ ಮತ್ತೊಂದು ರೈಲಿಗೆ ಅಪ್ಪಳಿಸಿದವು. ಎಂಬತ್ತರಷ್ಟು ಮಂದಿ ಮಡಿದರು. ಅವರಲ್ಲಿ ಅನೇಕರು ಎಳೆಯರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಶಾಸನವನ್ನು ಮಾಡಿ, ಪ್ರಯಾಣಿಕರ ರೈಲುಗಳಿಗೆ ತಾನಾಗಿ ಬೀಳುವ ಬ್ರೇಕನ್ನು ಕಡ್ಡಾಯಮಾಡಿತು.

ತಾನಾಗಿ ಬೀಳುವ ನಿರ್ವಾತ ಬ್ರೇಕು ಹಿಂದಿನದರ ತತ್ತ್ವವನ್ನು ತಿರುವುಮುರುವಾಗಿಸಿತು. ಇಲ್ಲಿ ಬಂಡಿ ಓಡುವಾಗಲೇ ನಿರ್ವಾತವಿರುತ್ತದೆ. ಪ್ರತಿಯೊಂದು ಡಬ್ಬಿಯ ಅಡಿಯ ಸಿಲಿಂಡರಿನಲ್ಲಿ, ಪಿಸ್ಟನ್ನಿನ ಮೇಲೂ ಕೆಳಗೂ, ಗಾಳಿಯನ್ನು ಸಮನಾಗಿ ತೆಗೆದಿರುತ್ತಾರೆ, ಬ್ರೇಕು ಸಡಿಲವಾಗಿರುತ್ತದೆ. ಚಾಲಕನು ಕೊಳವೆಗೆ ಗಾಳಿಯನ್ನು ಬಿಟ್ಟರೆ ಅದು ಪಿಸ್ಟನ್ನಿನ ಕೆಳಗೆ ಮಾತ್ರ ನುಗ್ಗುತ್ತದೆ. ಮೇಲಿನ ನಿರ್ವಾತವನ್ನು ಒಂದು ಸಣ್ಣ ಗುಂಡಿನ ಕವಾಟ ಕಾಯುತ್ತದೆ. ಪಿಸ್ಟನ್ನು ಏಳುತ್ತದೆ, ಬ್ರೇಕು ಗಾಲಿಯನ್ನು ಹಿಡಿಯುತ್ತದೆ. ಕೊಳವೆ ಹರಿದರೂ, ಕೊಂಡಿ ಕಳಚಿದರೂ, ಪ್ರಯಾಣಿಕನು ಸರಪಳಿ ಎಳೆದರೂ ನಡೆಯುವುದು ಇದೇ. ಯಂತ್ರ ಕೆಡುವುದನ್ನು ಪೂರ್ಣವಾಗಿ ತಡೆಯಲಾಗದು. ಕೆಟ್ಟಾಗ ಅದು ನಿಲ್ಲುವಂತೆ ಮಾಡಬಹುದು ಎಂಬ ವಿವೇಕವು ಹೀಗೆ ಲೋಹದಲ್ಲಿ ರೂಪುಗೊಂಡಿತು.

ಭಾರತದ ರೈಲುಗಳಲ್ಲಿ ಈ ಬ್ರೇಕೇ ಬಹುಕಾಲ ರೂಢಿಯಲ್ಲಿತ್ತು. ಕೊಳವೆಯಲ್ಲಿ ೫೧ ಸೆಂಟಿಮೀಟರು ಪಾದರಸದಷ್ಟು ನಿರ್ವಾತವಿದ್ದರೆ, ಪಿಸ್ಟನ್ನಿನ ಪ್ರತಿ ಚದರ ಸೆಂಟಿಮೀಟರಿಗೆ ದೊರಕುವ ಒತ್ತಡ ಮುಕ್ಕಾಲು ಕಿಲೋಗ್ರಾಮಿಗೂ ಕಡಮೆ. ರೈಲುಗಳು ಉದ್ದವೂ ಭಾರವೂ ಆದಂತೆ ಇದು ಸಾಲದಾಯಿತು. ಕೊನೆಯ ಡಬ್ಬಿಯವರೆಗೆ ಗಾಳಿ ಹರಿಯುವುದಕ್ಕೂ ತಡವಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಿಂದ ಅದರ ಸ್ಥಾನಕ್ಕೆ ಅದುಮಿದ ಗಾಳಿಯ ಬ್ರೇಕು ಬಂದಿತು. ಅದರ ಕೊಳವೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ೫ ಕಿಲೋಗ್ರಾಮು ಒತ್ತಡವಿರುತ್ತದೆ. ಅಂದು ಸರಪಳಿ ಎಳೆದರೆ ಗಾಳಿ ಒಳನುಗ್ಗುತ್ತಿತ್ತು; ಇಂದು ಹೊರನುಗ್ಗುತ್ತದೆ. ಕೆಟ್ಟರೆ ನಿಲ್ಲಬೇಕೆಂಬ ವಿವೇಕ ಮಾತ್ರ ಉಳಿದುಬಂದಿದೆ. ಬಾವಿಯ ದಡದ ಪಂಪನ್ನು ಸೋಲಿಸಿದ ಎಲ್ಲೆಯೇ ನಿರ್ವಾತದ ಬ್ರೇಕನ್ನೂ ಹಿಂದೆ ಸರಿಸಿತು.

ಹಾಗೆಂದು ನಿರ್ವಾತವು ನಿರುಪಯೋಗಿಯಾಯಿತೆಂದು ತಿಳಿಯಬಾರದು. ನೂಕುವ ಕೆಲಸದಲ್ಲಿ ಎಲ್ಲೆಯಿದ್ದರೂ ಅದಕ್ಕೆ ಬೇರೆ ಗುಣಗಳಿವೆ. ಒತ್ತಡ ಇಳಿದರೆ ದ್ರವಗಳು ಕಡಮೆ ಕಾವಿನಲ್ಲಿ ಕುದಿಯುತ್ತವೆ. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೂರು ಡಿಗ್ರಿಗೂ ಮೀರಿ ಕಾದು ಕಂದು ಬೆಲ್ಲವಾಗುತ್ತದೆ. ೧೯೩೩ರಲ್ಲಿ ಸ್ಥಾಪಿತವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಂತಹ ಕಾರ್ಖಾನೆಗಳಲ್ಲಿ ಮುಚ್ಚಿದ ನಿರ್ವಾತದ ಪಾತ್ರೆಯಲ್ಲಿ ಎಪ್ಪತ್ತರ ಸುಮಾರಿನಲ್ಲಿಯೇ ಪಾಕವು ಕುದಿದು ಹರಳುಗಟ್ಟುತ್ತದೆ. ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರವದಿಂದ ಕರಗಿಸಿ ತೆಗೆದ ಮೇಲೆ, ಆ ದ್ರವದ ಕೊನೆಯ ಅಂಶವನ್ನು ಎಣ್ಣೆಯಿಂದ ಬಿಡಿಸುವುದು ನಿರ್ವಾತ ಮತ್ತು ಉಗಿಗಳ ನೆರವಿನಿಂದ. ಎಣ್ಣೆಯ ಕೆಟ್ಟ ವಾಸನೆಯನ್ನು ತೆಗೆಯುವಾಗಲೂ ನಿರ್ವಾತವು ಗಾಳಿಯನ್ನು ದೂರವಿರಿಸಿ, ಕಾದ ಎಣ್ಣೆ ಕೆಡದಂತೆ ನೋಡಿಕೊಳ್ಳುತ್ತದೆ. ಎಡಿಸನ್ನನ ೧೮೭೯ರ ದೀಪದ ತಂತು ಉರಿದುಹೋಗದೆ ಬೆಳಗಿದುದೂ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ ತಯಾರಾದ ರೇಡಿಯೋ ವಾಲ್ವುಗಳಲ್ಲಿ ಎಲೆಕ್ಟ್ರಾನುಗಳು ಅಡ್ಡಿಯಿಲ್ಲದೆ ಹರಿದುದೂ ಗಾಳಿಯಿಲ್ಲದ ಎಡೆಯಲ್ಲಿಯೇ.

ಇದೆಲ್ಲವನ್ನೂ ಕನ್ನಡದಲ್ಲಿ ಕಲಿಯುವ ಗಡಿನಾಡಿನ ಮಕ್ಕಳಿಗೆ ನಿರ್ವಾತವೆಂಬ ಪದವು ಪರೀಕ್ಷೆಗೆ ಬಾಯಿಪಾಠ ಮಾಡುವ ಸಂಸ್ಕೃತ ಶಬ್ದವಾಗಿ ಉಳಿಯಬಾರದು ಎಂಬುದು ನಮ್ಮ ಕಳಕಳಿ. ಉಪಾಧ್ಯಾಯರು ತರಗತಿಯನ್ನು ಒಮ್ಮೆ ಹತ್ತಿರದ ಬಾವಿಗೆ ಕರೆದೊಯ್ದು, ದಡದಿಂದ ನೀರಿನವರೆಗೆ ಹಗ್ಗ ಇಳಿಬಿಟ್ಟು ಅಳೆಯಿಸಲಿ. ಆ ದಡದಿಂದ ಪಂಪು ನೀರೆತ್ತೀತೆ ಇಲ್ಲವೆ ಎಂಬುದನ್ನು ಮಕ್ಕಳೇ ಲೆಕ್ಕಹಾಕಿ ಹೇಳಲಿ. ರೈತನನ್ನೂ ಕೇಳಲಿ. ಇಬ್ಬರ ಉತ್ತರವೂ ಒಂದೇ ಆದ ದಿನ ಟಾರಿಚೆಲ್ಲಿಯ ಪಾಠ ಮುಗಿದಂತೆ.