ಎಂಟು ತಿಂಗಳಲ್ಲಿ ಹುಟ್ಟಿದ ರಸ್ತೆ

ಆರ್‌ವಿ ಅಂದರೆ ಗೊತ್ತಲ್ಲ, ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಬಸ್ಸಿನಂಥ ಗಾಡಿ. ಅದರಲ್ಲಿ ಅಲಾಸ್ಕಾ ಹೆದ್ದಾರಿ ಹಿಡಿಯುವವರೆಲ್ಲ ಮೊದಲು ಫೋಟೋ ತೆಗೆಸಿಕೊಳ್ಳುವುದು ಕೆನಡಾದ ಡಾಸನ್ ಕ್ರೀಕ್‌ನ 'ಮೈಲಿ ಸೊನ್ನೆ' ಕಂಬದ ಮುಂದೆ. ನಾವೂ ತೆಗೆಸಿಕೊಂಡೆವು. ಅಲ್ಲಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ಗೆ ಸುಮಾರು 2,200 ಕಿಲೋಮೀಟರ್. ಬೇಕೆಂದಲ್ಲಿ ನಿಲ್ಲಿಸಿ ಚಹಾ ಕಾಯಿಸಿ ಕುಡಿಯುತ್ತಾ ಹೋಗುವ ಈ ದಾರಿ ಹುಟ್ಟಿದ್ದು ಮಾತ್ರ ಯುದ್ಧದ ಭಯದಿಂದ.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದಾಗ ಅಲಾಸ್ಕಾಗೆ ಹೊರಗಿನಿಂದ ರಸ್ತೆಯೇ ಇರಲಿಲ್ಲ. 1942ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಕೆಲಸ ಶುರುಮಾಡಿತು. ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಎರಡೂ ಕಡೆಯಿಂದ ಕಾಡು ಕಡಿಯುತ್ತಾ ಬಂದರು. ಅಲ್ಲಿ ನೆಲದಡಿ ಬೇಸಿಗೆಯಲ್ಲೂ ಕರಗದ ಮಂಜುಗಡ್ಡೆ ಇದೆ. ಮೇಲಿನ ಪಾಚಿಯನ್ನು ಹೆರೆದರೆ ಬಿಸಿಲಿಗೆ ಅದು ಕರಗಿ, ಕೆಸರಾಗಿ, ಲಾರಿಗಳೇ ಹೂತುಹೋಗುತ್ತಿದ್ದವು. ಕೊನೆಗೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿ ಮೇಲೆ ಮಣ್ಣು ಸುರಿದರು. ಅಕ್ಟೋಬರ್ 25ರಂದು ಬೀವರ್ ಕ್ರೀಕ್ ಬಳಿ ಎರಡು ತುದಿ ಸೇರಿದವು. ಎಂಟೇ ತಿಂಗಳು!

ಇಷ್ಟು ಕಥೆ ದಾರಿಯುದ್ದಕ್ಕೂ ಸಿಗುತ್ತದೆ. ನನ್ನನ್ನು ಕಾಡಿದ್ದು ಇದರೊಳಗಿನ ಇನ್ನೊಂದು ಕಥೆ. ಆ ಸೈನಿಕರಲ್ಲಿ ಸುಮಾರು ಮೂರನೇ ಒಂದು ಪಾಲು ಕಪ್ಪು ಜನ. ಆಗಿನ್ನೂ ಅಮೆರಿಕದ ಸೇನೆಯಲ್ಲಿ ಬಣ್ಣ ನೋಡಿ ತುಕಡಿ ಬೇರೆ ಮಾಡುತ್ತಿದ್ದ ಕಾಲ. ಅಲಾಸ್ಕಾದ ಸೇನಾಧಿಪತಿ ಬಕ್ನರ್‌ಗೆ ಇವರು ಬರುವುದೇ ಇಷ್ಟವಿರಲಿಲ್ಲ. ಯುದ್ಧ ಮುಗಿದ ಮೇಲೆ ಇಲ್ಲೇ ನೆಲೆ ನಿಂತುಬಿಟ್ಟರೆ ಅನ್ನುವ ಚಿಂತೆ ಅವನದು. ಊರುಗಳ ಹತ್ತಿರ ಸುಳಿಯದಂತೆ ಅವರನ್ನು ಕಾಡಿನಲ್ಲೇ ಇಟ್ಟರು.

95ನೇ ರೆಜಿಮೆಂಟಿನ ಕಪ್ಪು ಸೈನಿಕರಿಗೆ ಬಹುಪಾಲು ಸಿಕ್ಕಿದ್ದು ಗುದ್ದಲಿ, ಸಲಿಕೆ, ಕೊಡಲಿ. ಅವರೇ ಸಿಕಾನಿ ಚೀಫ್ ನದಿಗೆ ಮರದ ಸೇತುವೆ ಕಟ್ಟಿದರು. ಕೊರೆಯುವ ನೀರಿನಲ್ಲಿ ಎದೆಮಟ್ಟ ನಿಂತು, ರಾತ್ರಿ ಲಾರಿ ದೀಪದ ಬೆಳಕಿನಲ್ಲಿ ದುಡಿದು, ನಾಲ್ಕು ದಿನದೊಳಗೆ ಮುಗಿಸಿದರು. ಮುಗಿಸಿಯೇ ತೀರುತ್ತೇವೆ ಅಂತ ಸಂಬಳವನ್ನೇ ಬಾಜಿ ಕಟ್ಟಿದ್ದರಂತೆ!

ದಾರಿಯ ಬೆಲೆ ತೆತ್ತವರು ಇನ್ನೂ ಇದ್ದಾರೆ. ಟೆಸ್ಲಿನ್‌ನ ಮೂಲನಿವಾಸಿಗಳಿಗೆ 1942-43ರಲ್ಲಿ ಹೊರಗಿನವರ ಜೊತೆ ಬಂದ ದಡಾರ, ನಾಯಿಕೆಮ್ಮುಗಳು ಒಂದರ ಮೇಲೊಂದು ಬಡಿದವು. ರಸ್ತೆಯನ್ನು ಕೇಳಿದ್ದು ಅವರಲ್ಲ.

ವಾಟ್ಸನ್ ಲೇಕ್‌ನಲ್ಲಿ ಊರ ಹೆಸರಿನ ಫಲಕಗಳ ಒಂದು ಕಾಡೇ ಇದೆ. 1942ರಲ್ಲಿ ಮನೆ ನೆನಪಾಗಿ ಒಬ್ಬ ಸೈನಿಕ ತನ್ನೂರಿನ ಫಲಕ ನೆಟ್ಟ. ಈಗ ಎಂಬತ್ತು ಸಾವಿರ ದಾಟಿದೆ. ಪ್ರವಾಸಿಗಳು ತಂತಮ್ಮ ಊರಿನ ಹೆಸರು ಹೊಡೆದು ಹೋಗುತ್ತಾರೆ. ರಸ್ತೆ ಕಡಿದ ಕಪ್ಪು ಸೈನಿಕರ ಹೆಸರಲ್ಲಿ ಡೆಲ್ಟಾ ಜಂಕ್ಷನ್ ಹತ್ತಿರದ ಗರ್ಸ್ಟಲ್ ನದಿಯ ಸೇತುವೆ ಇದೆ. ಆ ಹೆಸರು ಇಟ್ಟದ್ದು 1993ರಲ್ಲಿ, ಐವತ್ತೊಂದು ವರ್ಷ ತಡವಾಗಿ. ನೀವು ಯಾರಾದರೂ ಆ ಕಡೆ ಹೋದರೆ, ಸೊನ್ನೆ ಕಂಬದ ಮುಂದೆ ತೆಗೆಸಿಕೊಂಡ ಹಾಗೆ ಅಲ್ಲೂ ಒಂದು ಫೋಟೋ ತೆಗೆಸಿಕೊಳ್ಳಿ.