ತೊಟ್ಟಿಲಲ್ಲಿ ಬಿಟ್ಟ ಮಗುವನ್ನು ಮರಳಿ ಕೇಳಬಹುದೇ?

ನಮ್ಮ ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯೊಳಗೇ ಇತ್ತು. ಮುಂದೆ ಈ ಎರಡೂ ಜಿಲ್ಲೆಗಳ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಹೆಣ್ಣುಶಿಶು ಹತ್ಯೆಯ ಸುದ್ದಿಯಲ್ಲಿ. ಅದನ್ನು ತಡೆಯಲೆಂದು ತಮಿಳುನಾಡು ಸರ್ಕಾರ 1992ರಲ್ಲಿ ಮೊದಲು ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆ ತಂದಿತು. 2001ರಲ್ಲಿ ಅದು ಧರ್ಮಪುರಿಗೂ ಬಂತು. ಸಾಕಲಾಗದ ತಾಯಿ ಮಗುವನ್ನು ಸರ್ಕಾರದ ತೊಟ್ಟಿಲಲ್ಲಿ ಮಲಗಿಸಿ, ಹೆಸರು ಹೇಳದೆ ಹೋಗಬಹುದು. ಆ ತೊಟ್ಟಿಲು ಜೀವ ಉಳಿಸಿದೆ, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಹತ್ತು ದಿನ ಕಳೆದ ಮೇಲೆ ಆ ತಾಯಿ "ನನ್ನ ಮಗು ಕೊಡಿ" ಎಂದು ಬಂದರೆ?

ಕೊಟ್ಟ ಮಗುವನ್ನು ಮರಳಿ ಕೇಳುವ ಈ ಪ್ರಶ್ನೆ ಮದ್ರಾಸಿನ ನ್ಯಾಯಾಲಯಕ್ಕೆ ನೂರು ವರ್ಷದ ಹಿಂದೆಯೇ ಬಂದಿತ್ತು. ಕೇಳಿದವರು ಬಡ ತಾಯಿಯಲ್ಲ, ನಿವೃತ್ತ ಸರ್ಕಾರಿ ನೌಕರ ನಾರಾಯಣಯ್ಯ. ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯಲ್ಲಿದ್ದ ಅವರು 1910ರಲ್ಲಿ ತಮ್ಮ ಇಬ್ಬರು ಗಂಡುಮಕ್ಕಳ ಪಾಲನೆಯನ್ನು ಆನಿ ಬೆಸೆಂಟ್ ಅವರಿಗೆ ಬರೆದುಕೊಟ್ಟರು. ಹಿರಿಯವನೇ ಮುಂದೆ ಜಗತ್ತಿಗೆ ಪರಿಚಿತರಾದ ಜೆ. ಕೃಷ್ಣಮೂರ್ತಿ. ಆಮೇಲೆ ತಂದೆ ಮನಸ್ಸು ಬದಲಿಸಿ ಮೊಕದ್ದಮೆ ಹೂಡಿದರು. ಬೆಸೆಂಟ್ ತಮ್ಮ ಪರ ತಾವೇ ವಾದಿಸಿದರು. 1913ರಲ್ಲಿ ಮದ್ರಾಸ್ ಹೈಕೋರ್ಟ್ ಮಕ್ಕಳನ್ನು ತಂದೆಗೆ ಒಪ್ಪಿಸಿ ಎಂದಿತು, ಅಲ್ಲಿನ ಮೇಲ್ಮನವಿಯಲ್ಲೂ ಬೆಸೆಂಟ್ ಸೋತರು. ಮಕ್ಕಳು ಆಗ ಇಂಗ್ಲೆಂಡಿನಲ್ಲಿದ್ದರು.

1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ತೀರ್ಪನ್ನು ತಿರುವಿಹಾಕಿತು. ಹಾಗೆಂದು ತಂದೆಗೆ ಹಕ್ಕಿಲ್ಲ ಎನ್ನಲಿಲ್ಲ. ತಂದೆಯ ಪಾಲಕತ್ವ ಒಂದು ಪವಿತ್ರ ಹೊಣೆ, ಅದನ್ನು ಕಾಗದ ಬರೆದು ಶಾಶ್ವತವಾಗಿ ಇನ್ನೊಬ್ಬರಿಗೆ ದಾಟಿಸಲಾಗದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು ಎಂದೇ ಹೇಳಿತು. ಆದರೆ ಮಕ್ಕಳು ಆ ವ್ಯಾಪ್ತಿಯಲ್ಲಿ ವಾಸವಿಲ್ಲ, ಅವರ ಪರವಾಗಿ ಮಾತಾಡಲು ಮೊಕದ್ದಮೆಯಲ್ಲಿ ಯಾರೂ ಇಲ್ಲ, ಅವರ ಹಿತ ಯಾವುದೆಂದು ನೋಡಿಲ್ಲ ಎಂಬುದು ಅದರ ಆಕ್ಷೇಪ. ತಂದೆ ಬೇರೆ, ಬೆಸೆಂಟ್ ಬೇರೆ, ಮಕ್ಕಳೇ ಬೇರೆ. ಈ ಮೂರನೆಯವರನ್ನು ಕೆಳಗಿನ ಕೋರ್ಟುಗಳು ಮರೆತಿದ್ದವು.

ಬಡ ತಾಯಂದಿರ ಮಾತು ಬಂದದ್ದು ತೀರಾ ತಡವಾಗಿ. ವಿದೇಶೀ ದತ್ತುಗಳಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ ವಕೀಲ ಲಕ್ಷ್ಮೀಕಾಂತ್ ಪಾಂಡೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ, ಹೆರಿಗೆಗೆ ಮುಂಚೆಯಾಗಲಿ ಹೆರಿಗೆಯಾದ ಮೂರು ತಿಂಗಳೊಳಗಾಗಲಿ ಮಗುವನ್ನು ಬಿಟ್ಟುಕೊಡುವಂತೆ ಹೆತ್ತವರನ್ನು ಒಪ್ಪಿಸಬಾರದು ಎಂದರು. ಹಸಿ ಬಾಣಂತಿಯ ಮನಸ್ಸು ಹೇಗಿರುತ್ತದೆ ಎಂದು ನಮ್ಮ ಅಮ್ಮಂದಿರನ್ನು ಕೇಳಿದರೆ ಸಾಕು.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಸಹಿ ಹಾಕಿ ಮಗುವನ್ನು ಒಪ್ಪಿಸಿದವರಿಗೆ ಮರುಯೋಚನೆಗೆ ಎರಡು ತಿಂಗಳಿದೆ. ಸಮಿತಿಯ ಆದೇಶದ ಮೇಲೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು; ಹೈಕೋರ್ಟ್ ಕಡತ ತರಿಸಿ ನೋಡಬಹುದು. (ಇದೇ ಕಾಯ್ದೆಯ ಸಾಲಿನಿಂದಲೇ ನಾವು ಕ್ರೈಸ್ತರೂ ಈಗ ದತ್ತು ಪಡೆಯುತ್ತಿದ್ದೇವೆ. ನಮಗೆ ಪ್ರತ್ಯೇಕ ದತ್ತು ಕಾಯ್ದೆಯಿಲ್ಲ. ಹಿಂದೆ 1890ರ ಕಾಯ್ದೆಯಡಿ ಬರೀ ಪಾಲಕರಾಗುತ್ತಿದ್ದೆವು. ಯಾವ ಧರ್ಮದವರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿತು.)

ತೊಟ್ಟಿಲಲ್ಲಿ ಬಿಟ್ಟುಹೋದವಳು ಸಹಿ ಹಾಕಿಲ್ಲ. ಅವಳಿಗೆ ಯಾರೂ ಬುದ್ಧಿಮಾತು ಹೇಳಿಲ್ಲ, ಗಡುವನ್ನೂ ತಿಳಿಸಿಲ್ಲ. ಮಗುವಿನ ಫೋಟೋ ಪತ್ರಿಕೆಯಲ್ಲಿ ಹಾಕಿ ಹೆತ್ತವರನ್ನು ಹುಡುಕುತ್ತಾರೆ. ಯಾರೂ ಬರದಿದ್ದರೆ, ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ ದತ್ತಿಗೆ ಮುಕ್ತ ಎಂದು ಸಮಿತಿ ಘೋಷಿಸುತ್ತದೆ. ಪತ್ರಿಕೆ ಓದದ ತಾಯಿಗೆ ಮೇಲ್ಮನವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮ ಯುವಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬ ತಂಗಿ ಕೇಳಿದಳು: "ವಾಪಸ್ ಬಂದರೆ ಪೊಲೀಸರು ಹಿಡಿಯುವುದಿಲ್ಲವಾ ಅಣ್ಣಾ?" ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟಿದ್ದರೆ ಅದು ಬೇಕೆಂದು ಮಾಡಿದ್ದಲ್ಲ ಎಂದೇ ಭಾವಿಸಬೇಕು ಅಂತ ಅದೇ ಕಾಯ್ದೆಯ 75ನೇ ಕಲಮಿನಲ್ಲಿದೆ. ಅವಳು ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.